ಫೈಲು ಹಿಡಿದು ಬಂದವನು

ನಳಿನಿ ಶಿರಸ್ತೇದಾರರ ಮಗಳು. ಸರ್ಕಾರದ ಕೆಲಸ ದೇವರ ಕೆಲಸ ಎಂದು ನಂಬಿದ ಮನೆ ಅವರದು. ಫೈಲು ಹಿಡಿದು ಬಂದವನಿಗೆ ಅಲ್ಲಿ ಮೊದಲು ಕುರ್ಚಿ, ಆಮೇಲೆ ಕಾಫಿ. ನೀನು ಯಾರಪ್ಪಾ, ಗುರುತು ತೋರಿಸು ಎಂದು ಕೇಳುವ ಪದ್ಧತಿಯೇ ಇಲ್ಲ. ಆ ಮನೆಯ ರೀತಿಯನ್ನು ಅವಳು ಅಮೆರಿಕದ ಅಟ್ಲಾಂಟಾಕ್ಕೂ ಹೊತ್ತು ತಂದಿದ್ದಳು.

೧೯೭೭ರಲ್ಲಿ ಯಾರೋ ಬಡಾವಣೆಯ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಹಚ್ಚಿದರು. ಅಧಿಕಾರಿಗಳು ಮನೆಮನೆಗೆ ಬಂದು ವಿಚಾರಿಸುತ್ತಾರೆ, ಸಹಕರಿಸಿ ಎಂದು ಟೀವಿಯಲ್ಲಿ ಹೇಳಿದರು.

ಮಂಗಳವಾರ ಫೈಲು ಹಿಡಿದು ಬಂದವನು ಕೋಟು ತೊಟ್ಟಿದ್ದ, ಮೆಲ್ಲಗೆ ಮಾತಾಡುತ್ತಿದ್ದ. ಪಕ್ಕದ ಮನೆಯ ಯಹೂದಿ ವಿಧವೆ ಮಿಸೆಸ್ ರೋಸ್ಮನ್ ಒಬ್ಬರೇ ಇರುತ್ತಾರೆಯೇ, ಶುಕ್ರವಾರ ಸಂಜೆ ಪ್ರಾರ್ಥನೆಗೆ ಎಷ್ಟು ಗಂಟೆಗೆ ದೀಪ ಹಚ್ಚುತ್ತಾರೆ ಎಂದು ಕೇಳಿದ. ನಳಿನಿ ಒಂದಕ್ಕೆರಡು ಹೇಳಿದಳು. ಪಾಪ, ಅವರ ಹಿಂಬಾಗಿಲ ಚಿಲಕ ಕೆಟ್ಟಿದೆ ಎಂದೂ ಸೇರಿಸಿದಳು. ಅವನು ಎಲ್ಲ ಬರೆದುಕೊಂಡ. ಕಾಫಿ ಕುಡಿದು ಕಪ್ಪನ್ನು ತಾನೇ ತೊಳೆದು, ಒರೆಸಿಟ್ಟು ಹೋದ. ಎಂಥ ಸಂಸ್ಕಾರವಂತ ಎಂದುಕೊಂಡಳು ಪೆದ್ದಿ.

ಶುಕ್ರವಾರ ಮಧ್ಯಾಹ್ನ ಇಬ್ಬರು ಬಂದು ಬ್ಯಾಡ್ಜ್ ತೋರಿಸಿದರು. ಮಂಗಳವಾರವೇ ಒಬ್ಬರು ಬಂದು ಹೋದರಲ್ಲ ಎಂದಳು ನಳಿನಿ. ಈ ಬೀದಿಗೆ ಇದುವರೆಗೆ ನಾವು ಯಾರನ್ನೂ ಕಳಿಸಿಲ್ಲ ಎಂದರು. ಅವನ ಮುಖ ಹೇಗಿತ್ತು ಎಂದರೆ ಅವಳಿಗೆ ಫೈಲು ಮಾತ್ರ ನೆನಪಾಯಿತು. ಪಕ್ಕದ ಮನೆಗೆ ಕಾವಲು ಬೇಕೆಂದು ಇವತ್ತೇ ಬರೆಯುತ್ತೇವೆ, ಸೋಮವಾರ ಮಂಜೂರಾಗಬಹುದು ಎಂದು ಹೇಳಿ ಅವರು ಹೊರಟರು. ದೇವರ ಕೆಲಸಕ್ಕೂ ರುಜು ಬೇಕಲ್ಲ.

ಗಂಡ ಡಾಕ್ಟರ್ ಅಶ್ವತ್ಥ ಆಸ್ಪತ್ರೆಯಿಂದ ಫೋನಿನಲ್ಲಿ ಹೇಳಿದ: "ನೀನು ಆ ಕಡೆ ಹೋಗ್ಬೇಡ. ಡೋರ್ ಲಾಕ್ ಮಾಡ್ಕೊಂಡು ಕೂತ್ಕೋ."

ಕೂರಲು ಅವಳಿಂದಾಗಲಿಲ್ಲ. ಪಕ್ಕದ ಮನೆಗೆ ಹೋಗಿ, ನಾಚಿಕೆಯಿಂದ ಕುಗ್ಗುತ್ತ ಎಲ್ಲವನ್ನೂ ಒಪ್ಪಿಕೊಂಡಳು.

ಮಿಸೆಸ್ ರೋಸ್ಮನ್ ಬೈಯಲಿಲ್ಲ. "ಅವನು ಬರೆದುಕೊಂಡನಾ?" ಎಂದಷ್ಟೇ ಕೇಳಿದರು.

"ಬರ್ಕೊಂಡ."

ಜರ್ಮನಿಯಲ್ಲಿ ತಮ್ಮ ನೆರೆಯವರೂ ಒಳ್ಳೆಯವರೇ, ಹೀಗೆಯೇ ಬರೆಸಿದ್ದರು ಎಂದರು ಮುದುಕಿ. "ಬಂದು ಹೇಳಿದವಳು ನೀನೊಬ್ಬಳೇ."

ಹೊತ್ತು ಮುಳುಗುತ್ತಿತ್ತು. ಹೊರಗೆ ಕಾರೊಂದು ಬಂದು ನಿಂತಿತು, ಇಂಜಿನ್ ಆರಲಿಲ್ಲ. ಪೊಲೀಸರಿಗೆ ಫೋನ್ ಮಾಡಿದರೆ, ಬೀದಿಯಲ್ಲಿ ಕಾರು ನಿಲ್ಲುವುದು ಅಪರಾಧವಲ್ಲಮ್ಮ ಎಂದರು.

ನಳಿನಿ ಮುದುಕಿಯನ್ನು ಒಳಕೋಣೆಗೆ ಕಳಿಸಿ, ತಾನು ಹೋಗಿ ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಸ್ವಲ್ಪ ಹೊತ್ತಿಗೆ ಹೆಜ್ಜೆಗಳು ಮೆಟ್ಟಿಲು ಹತ್ತಿದವು. ಅವಳ ತಲೆಯ ಪಕ್ಕದಲ್ಲೇ ಬಾಗಿಲ ಹಿಡಿ ನಿಧಾನವಾಗಿ ತಿರುಗಿತು.

ನಳಿನಿ ಬೆನ್ನು ಸರಿಸಲಿಲ್ಲ.