ಎಲ್ಲದಕ್ಕೂ ಅರಳೆ ನೆಗಡಿ

ಹಾಸಿಗೆ ಹೊಲಿಯುವವರ ಮನೆಯಲ್ಲಿ ಮೂಗು ಸೋರುವುದು ಒಂದು ಸುದ್ದಿಯೇ ಅಲ್ಲ. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ಒಂದು ಬಟ್ಟೆಯ ಪರದೆ. ಯಂತ್ರ ಶುರುವಾಯಿತೆಂದರೆ ಅರಳೆಯ ಧೂಳು ಆ ಪರದೆಗೆ ಕ್ಯಾರೇ ಅನ್ನದೆ ಒಳಗೆ ಬಂದು ಅಡುಗೆ ಪಾತ್ರೆಯ ಮುಚ್ಚಳದ ಮೇಲೂ ಕೂರುತ್ತದೆ. ಹಾಗಾಗಿ ಸೀನು, ಕೆಮ್ಮು, ಗಂಟಲು ಕೆರೆತ ಎಲ್ಲದಕ್ಕೂ ಈ ಮನೆಯವರು ಒಂದೇ ಹೆಸರಿಟ್ಟುಕೊಂಡಿದ್ದರು: ಅರಳೆ ನೆಗಡಿ. ಮದ್ದೂ ಒಂದೇ. ಕಿಟಕಿಯಲ್ಲಿ ಒಂದು ಕೆಂಪು ಸಿರಪ್ಪಿನ ಬಾಟಲಿ; ಯಾರು ಕೆಮ್ಮಿದರೂ ಅದರ ಮುಚ್ಚಳದಲ್ಲಿ ಒಂದು ಅಳತೆ. ಅಷ್ಟಕ್ಕೆ ಡಾಕ್ಟರ ಕೆಲಸ ಮುಗಿಯಿತು.

ಅಂದು ಸೊಸೆಗೆ ಬೆಳಗಿನಿಂದ ಸೊಂಟ ನೆಟ್ಟಗಾಗಿರಲಿಲ್ಲ. ಯಂತ್ರದ ಬೆಲ್ಟು ಹರಿದು ಎಂಟು ದಿನವಾಗಿತ್ತು. ಹೊಸ ಬೆಲ್ಟು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ, ಮೊದಲೇ ತುಂಬಿಟ್ಟಿದ್ದ ಹಾಸಿಗೆಗಳಿಗೆ ದಬ್ಬಣ ಹಿಡಿದು ಅಂಚು ಹೊಲಿಯುತ್ತಿದ್ದಳು. ಮಗಳು ಜ್ವರದಿಂದ ಎದ್ದು ಇನ್ನೂ ಸುಸ್ತಾಗಿ ಮೂಲೆಯಲ್ಲಿ ಮಲಗಿದ್ದಳು. ಗಂಡ ಸ್ಟೂಲಿನ ಮೇಲೆ ಕೂತು ಕೆಮ್ಮುತ್ತಿದ್ದ. ಅತ್ತೆ ದಾರದ ಸಿಕ್ಕು ಬಿಡಿಸುತ್ತ, ಯಾರಿಗೆ ಎಂದಿಲ್ಲದೆ ಬೈಯುತ್ತಿದ್ದರು. ಸೊಸೆಗೆ ಸಾಕುಬೇಕಾಗಿ ಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕೊಡೆ ಮಡಚಿದ ಸದ್ದಾಯಿತು. ಆರೋಗ್ಯ ಕೇಂದ್ರದಿಂದ ಮನೆ ಮನೆಗೆ ಬರುವ ಹೆಂಗಸು. ಬಿಸಿಲಿಗೂ ಮಳೆಗೂ ಅದೇ ಕರಿ ಕೊಡೆ ಹಿಡಿದು ಬರುವುದರಿಂದ ಬೀದಿಯವರೆಲ್ಲ ಅವರನ್ನು ಕೊಡೆ ಅಕ್ಕ ಎನ್ನುತ್ತಾರೆ. ಇಪ್ಪತ್ತು ಮನೆ ಹತ್ತಿ ಇಳಿದ ಅವರ ಮುಖದಲ್ಲೂ ಕಳೆ ಇರಲಿಲ್ಲ. ಬಂದವರೇ ಹೊಲಿದಿಟ್ಟ ಹಾಸಿಗೆಯ ಮೇಲೆ ಕುಸಿದು ಕೂತು ಪುಸ್ತಕ ತೆಗೆದರು.

"ಎಲ್ರೂ ಚೆನ್ನಾಗಿದೀರಾ?"

"ಚೆನ್ನಾಗಿದೀವಿ ಅಕ್ಕ. ಮಗಳಿಗೆ ಜ್ವರ ಬಂದಿತ್ತು, ಇವರಿಗೆ ಕೆಮ್ಮು. ಅರಳೆ ನೆಗಡಿ, ಇನ್ನೇನು. ಹಾಳು ಬೆಲ್ಟು ಹರಿದು ಎಂಟು ದಿನದಿಂದ ಯಂತ್ರ ಬೇರೆ ನಿಂತಿದೆ."

ಕೊಡೆ ಅಕ್ಕ ಬರೆಯುವುದನ್ನು ನಿಲ್ಲಿಸಿದರು. "ಎಂಟು ದಿನದಿಂದ ಯಂತ್ರವೇ ಓಡಿಲ್ಲ, ಧೂಳೇ ಇಲ್ಲ. ಅರಳೆ ನೆಗಡಿ ಎಲ್ಲಿಂದ ಬಂತಮ್ಮ?"

ಸೊಸೆ ನಿಂತ ಯಂತ್ರದ ಕಡೆ ತಿರುಗಿ ನೋಡಿದಳು. ಹೌದಲ್ಲ, ಇದನ್ನು ಯಾರೂ ಯೋಚಿಸಿರಲೇ ಇಲ್ಲ.

"ನಿನಗೆ ಈಗ ಸೀನು ಬರ್ತಿದೆಯಾ?" ಎಂದು ಅಕ್ಕ ಕೇಳಿದರು.

"ಇಲ್ಲ. ಎಂಟು ದಿನದಿಂದ ಒಂದೂ ಇಲ್ಲ."

"ಯಂತ್ರ ಓಡುವಾಗ?"

"ಅಯ್ಯೋ, ಅದನ್ನ ಕೇಳಬೇಡಿ. ಸಾಲಾಗಿ ಹದಿನೈದು ಸೀನು. ಮೂಗಲ್ಲಿ ನೀರು ನೀರು. ಕಣ್ಣು ನವೆ, ಬಾಯೊಳಗೆ ಅಂಗಳೂ ನವೆ. ಜ್ವರ ಗಿರ ಏನಿಲ್ಲ."

"ಅದು ಅಲರ್ಜಿ. ನಿನ್ನ ಮೈಗೆ ಧೂಳು ಆಗಿಬರಲ್ಲ. ಧೂಳು ಬಂದ್ರೆ ಬರುತ್ತೆ, ಹೋದ್ರೆ ಹೋಗುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಮೂಗು ಬಾಯಿ ಮುಚ್ಚೋ ಹಾಗೆ ಮಾಸ್ಕ್ ಹಾಕ್ಕೋ. ನೆಲ ಗುಡಿಸೋ ಬದಲು ಒದ್ದೆ ಬಟ್ಟೇಲಿ ಒರೆಸು. ಯಾವತ್ತಾದ್ರೂ ಎದೆ ಬಿಗಿದು, ಉಸಿರಾಡುವಾಗ ಸಿಳ್ಳೆ ಥರ ಸದ್ದು ಬಂದ್ರೆ ಮಾತ್ರ ಸುಮ್ಮನಿರಬೇಡ. ಉಬ್ಬಸ ಇರಬಹುದು, ಡಾಕ್ಟರಿಗೆ ತೋರಿಸು. ಮಗುವಿಗೆ ಹೇಗೆ ಶುರುವಾಯ್ತು?"

"ಬೆಳಗ್ಗೆ ನಗ್ತಾ ಶಾಲೆಗೆ ಹೋದವಳು ಸಂಜೆ ಬರೋಷ್ಟರಲ್ಲಿ ಕೆಂಡ ಆಗಿದ್ಲು. ಮೈಕೈಯೆಲ್ಲ ನೋವು. ಲೋಟ ಎತ್ತೋಕೂ ಆಗಲ್ಲ ಅಂದ್ಲು."

"ಹಾಗಾದ್ರೆ ಫ್ಲೂ ಇರಬೇಕು. ಅದು ಒಂದೇ ಏಟಿಗೆ ಮಲಗಿಸಿಬಿಡುತ್ತೆ. ಬರೀ ನೆಗಡಿ ಹಾಗಲ್ಲ, ನಿಧಾನವಾಗಿ ಬರುತ್ತೆ. ಮೊದಲು ಗಂಟಲು ಕೆರೆತ, ಆಮೇಲೆ ಮೂಗು ಸೋರೋದು, ಕಟ್ಟೋದು. ಜ್ವರ ಬಂದ್ರೂ ಅಷ್ಟಕ್ಕಷ್ಟೆ. ವಾರ ಹತ್ತು ದಿನಕ್ಕೆ ತಾನೇ ಹೋಗುತ್ತೆ. ಎರಡೂ ಅಂಟೋವೇ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀಬೇಕು, ಕೈ ತೊಳೀಬೇಕು. ಬಿಟ್ಟ ಜ್ವರ ಮತ್ತೆ ಏರಿದ್ರೆ, ಉಸಿರಿಗೆ ಒದ್ದಾಡಿದ್ರೆ, ತುಟಿ ನೀಲಿ ಆದ್ರೆ ಆಸ್ಪತ್ರೆಗೆ ಓಡಬೇಕು."

"ಆ ಕೆಂಪು ಸಿರಪ್ಪು ಬೇಡ ಅಂತ ಅಮ್ಮನಿಗೆ ಹೇಳಿ ಅಕ್ಕ," ಎಂದಿತು ಮೂಲೆಯಿಂದ ಸಣ್ಣ ದನಿ.

"ಬೇಡವೇ ಬೇಡ. ಡಾಕ್ಟರನ್ನ ಕೇಳದೆ ಯಾವ ಸಿರಪ್ಪೂ ಕುಡಿಸಬಾರದು," ಎಂದರು ಅಕ್ಕ. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಒಂದು ನಗು ಕೇಳಿಸಿತು.

ನಗಲು ಹೋಗಿ ಗಂಡನಿಗೆ ಕೆಮ್ಮು ಹತ್ತಿತು. ಬಿಡದೆ ಕೆಮ್ಮಿ, ಗೋಡೆ ಹಿಡಿದುಕೊಂಡು ಸುಧಾರಿಸಿಕೊಂಡ. ಅಕ್ಕ ಅವನನ್ನೇ ನೋಡುತ್ತಿದ್ದರು.

"ಅಣ್ಣ, ಇದು ಎಷ್ಟು ದಿನದ್ದು?"

"ಯಾರು ಎಣಿಸಿದಾರೆ? ಇದು ಕಸುಬಿನ ಕೆಮ್ಮು. ನಮ್ಮಪ್ಪನಿಗೂ ಇತ್ತು."

"ಹಾಸ್ಟೆಲಿನ ಹಾಸಿಗೆ ಹೊಲಿಯೋವಾಗಲೇ ಇತ್ತಲ್ಲ," ಎಂದಳು ಸೊಸೆ. "ಎರಡು ತಿಂಗಳ ಮೇಲಾಯ್ತು."

"ಸಂಜೆ ಹೊತ್ತು ಮೈ ಬಿಸಿ ಆಗುತ್ತಾ? ಮಲಗಿದಾಗ ಬೆವರ್ತೀರಾ?"

"ಸಂಜೆ ಸ್ವಲ್ಪ ಬಿಸಿ ಆಗುತ್ತೆ. ಸೆಕೆಗೆ ಯಾರು ಬೆವರಲ್ಲ?" ಎಂದ ಗಂಡ.

ಸೊಸೆಗೆ ದಿಂಬಿನ ಗವಸು ನೆನಪಾಯಿತು. ದಿನವೂ ಬೆಳಗ್ಗೆ ಅದು ಹಿಂಡುವಷ್ಟು ಒದ್ದೆ. ಪಕ್ಕದಲ್ಲೇ ಮಲಗುವ ಅವಳದ್ದು ಒಣಗಿಯೇ ಇರುತ್ತಿತ್ತು.

"ತೂಕ ಇಳಿದಿದೆಯಾ?"

"ಇಲ್ಲ ಇಲ್ಲ, ಇದ್ದ ಹಾಗೇ ಇದೀನಿ."

ಸೊಸೆಯ ಕೈಯಲ್ಲಿದ್ದ ದಬ್ಬಣ ನಿಂತಿತು. ಈ ಎರಡು ತಿಂಗಳಲ್ಲಿ ಅವನ ಪ್ಯಾಂಟಿನ ಸೊಂಟವನ್ನು ಎರಡು ಸಲ ಹಿಡಿದು ಹೊಲಿದಿದ್ದವಳು ಅವಳೇ. ಒಂದು ಸಲ ಎರಡು ಬೆರಳು, ಇನ್ನೊಂದು ಸಲ ಮೂರು ಬೆರಳು. ಬಟ್ಟೆ ಸಡಿಲವಾಗಿದೆ ಎಂದು ಹೊಲಿದಳೇ ಹೊರತು ಮೈ ಕರಗಿದೆ ಎಂದು ತಿಳಿಯಲಿಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಐದು ಬೆರಳು ಹಿಡಿದಿದೀನಿ ಅಕ್ಕ," ಎಂದಳು. "ನನ್ನ ಕೈಯಾರೆ."

ಅಕ್ಕ ದನಿ ಏರಿಸಲಿಲ್ಲ. "ನೋಡಿ ಅಣ್ಣ, ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಬೆವರು, ತೂಕ ಇಳಿಯೋದು. ಇದು ನೆಗಡಿ ಅಲ್ಲ, ಅಲರ್ಜಿನೂ ಅಲ್ಲ. ಕ್ಷಯ ಇರಬಹುದು. ಇದೆ ಅಂತ ನಾನು ಹೇಳಲ್ಲ, ಧೂಳಿಂದ ಶ್ವಾಸಕೋಶ ಕೆಟ್ಟಿದ್ರೂ ಕೆಮ್ಮು ಹೀಗೆ ಎಳೆಯುತ್ತೆ. ಕಫ ಪರೀಕ್ಷೆ ಮಾಡಿಸಿದ್ರೇ ಗೊತ್ತಾಗೋದು."

ಗಂಡನ ಮುಖ ಕಪ್ಪಿಟ್ಟಿತು. "ಆ ಹೆಸರು ಎತ್ತಬೇಡಿ. ಬೀದಿಗೆ ಗೊತ್ತಾದ್ರೆ ನಾನು ಹೊಲಿದ ಹಾಸಿಗೆ ಮೇಲೆ ಯಾರು ಮಲಗ್ತಾರೆ? ಬಾಗಿಲು ಹಾಕಬೇಕಾಗುತ್ತೆ."

ಇದು ಅವನ ನಿಜವಾದ ಭಯ. ಕೆಮ್ಮಿಗಲ್ಲ, ಕೆಮ್ಮಿನ ಹೆಸರಿಗೆ ಅವನು ಹೆದರಿದ್ದ.

"ಅದು ಹಾಸಿಗೆಯಿಂದ ಹರಡಲ್ಲ. ಮದ್ದು ತಗೊಳ್ಳದೆ ಕೆಮ್ಮುತ್ತ ಕೂತವರ ಉಸಿರಿಂದ, ಗಾಳೀಲಿ ಹರಡುತ್ತೆ," ಎಂದರು ಅಕ್ಕ. "ನಿಮ್ಮ ಪಕ್ಕ ಮಲಗೋದು ಯಾರು? ಗಿರಾಕಿ ಅಲ್ಲ. ಈ ಮಗು."

ಅತ್ತೆ ದಾರದ ಉಂಡೆಯನ್ನು ಕೆಳಗಿಟ್ಟರು. ಅರಳೆ ನೆಗಡಿ ಎಂಬ ಮಾತನ್ನು ಈ ಮನೆಗೆ ತಂದವರೇ ಅವರು.

"ನಿಮ್ಮಪ್ಪನಿಗೂ ಸಂಜೆ ಸಂಜೆ ಮೈ ಬಿಸಿ ಆಗ್ತಿತ್ತು ಕಣೋ," ಎಂದರು. "ಅರಳೆ ನೆಗಡಿ ಅಂತ ನಾನೇ ಕಷಾಯ ಕಾಯಿಸಿ ಕೊಡ್ತಿದ್ದೆ. ಕೊನೆಗೆ ಕಫದಲ್ಲಿ ರಕ್ತ ಬಂತು. ಅದನ್ನೂ ಯಾರಿಗೂ ಹೇಳಲಿಲ್ಲ. ಅವರು ಹೋದಾಗ ನಿನಗೆ ಏಳು ವರ್ಷ. ಎದ್ದು ಅಂಗಿ ಹಾಕ್ಕೊಳಪ್ಪ. ಇನ್ನೊಂದು ಸಲ ನನ್ನಿಂದ ಆಗಲ್ಲ."

ಅವನು ತಾಯಿಯ ಮುಖ ನೋಡಿದ. ಮಲಗಿದ್ದ ಮಗಳ ಕಡೆ ನೋಡಿದ. ಎದ್ದು ಅಂಗಿ ಹಾಕಿಕೊಂಡ.

ಪರೀಕ್ಷೆಯಲ್ಲಿ ಕ್ಷಯ ಇರುವುದು ಗೊತ್ತಾಯಿತು. ಮನೆಯ ಉಳಿದವರನ್ನೂ ಪರೀಕ್ಷಿಸಿದರು, ಮಗಳಿಗೆ ತಗುಲಿರಲಿಲ್ಲ. ಆ ಮಾತು ಕೇಳಿದಾಗ ಸೊಸೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಯಾರು ನೋಡಿದರೂ ಸರಿಯೇ ಎಂದು ಅತ್ತುಬಿಟ್ಟಳು.

ಮುಂದಿನದೇನೂ ಸುಲಭವಾಗಿರಲಿಲ್ಲ. ದಿನವೂ ಗುಳಿಗೆ, ಗುಳಿಗೆ ತಿಂದರೆ ವಾಕರಿಕೆ. ಎರಡು ತಿಂಗಳಿಗೆ ಕೆಮ್ಮು ನಿಂತಾಗ, "ವಾಸಿ ಆಯ್ತಲ್ಲ, ಇನ್ನು ಸಾಕು" ಎಂದು ಅವನು ಹಟ ಹಿಡಿದ. ನಡುವೆ ಬಿಟ್ಟರೆ ಕಾಯಿಲೆ ಇನ್ನೂ ಗಟ್ಟಿಯಾಗಿ ಮರಳುತ್ತದೆ ಎಂದು ಕೊಡೆ ಅಕ್ಕ ಹೇಳಿದ್ದರು. ಅತ್ತೆ ನೀರಿನ ಲೋಟ ಹಿಡಿದು, ಅವನು ನುಂಗುವವರೆಗೂ ಎದುರಿನಿಂದ ಕದಲುತ್ತಿರಲಿಲ್ಲ. ಹಾಗೂ ಹೀಗೂ ಆರು ತಿಂಗಳು ಮುಗಿಯಿತು. ಡಾಕ್ಟರು ಮತ್ತೆ ಪರೀಕ್ಷಿಸಿ, ಗುಣವಾಗಿದೆ ಎಂದರು. ಈಗ ಅವನು ಮಾಸ್ಕ್ ಹಾಕಿಕೊಂಡೇ ಯಂತ್ರದ ಮುಂದೆ ಕೂರುತ್ತಾನೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮಗೂ ದಣಿವಿದೆ, ಗೊತ್ತು. ಮೈ ಮುರಿದು ದುಡಿಯುವವರಿಗೆ ಒಂದು ಕೆಮ್ಮಿನ ಹಿಂದೆ ಅಲೆಯಲು ಪುರುಸೊತ್ತೆಲ್ಲಿ? ನಿಮ್ಮ ಮನೆಯಲ್ಲೂ ಇಂಥದ್ದೊಂದು ಹೆಸರು ಇರಬಹುದು: ಹಿಟ್ಟಿನ ಕೆಮ್ಮು, ಹೊಗೆ ಕೆಮ್ಮು, ಬೀಡಿ ಕೆಮ್ಮು. ಹೆಸರು ಏನಾದರೂ ಇರಲಿ, ಕಣ್ಣು ಮೂಗು ನವೆಯಾಗಿ ಧೂಳು ಹೋದೊಡನೆ ಹೋಗುವುದು ಬೇರೆ, ವಾರದಲ್ಲಿ ಹೋಗುವ ನೆಗಡಿ ಬೇರೆ, ಒಮ್ಮೆಲೇ ಸುಡುವ ಜ್ವರ ಬೇರೆ, ಹೋಗದೆ ಕೂತ ಕೆಮ್ಮು ಬೇರೆ. ಇವತ್ತು ನಿಮ್ಮ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೋ ಅವರ ಪಕ್ಕ ಕೂತು, ಎಷ್ಟು ದಿನವಾಯಿತು ಎಂದು ಕೇಳಿ. ಎರಡು ವಾರ ದಾಟಿದೆ ಎಂದರೆ, ಅವರು ಏನೇ ನೆಪ ಹೇಳಲಿ, ಕಫ ಪರೀಕ್ಷೆಗೆ ಅವರೊಬ್ಬರನ್ನೇ ಕಳಿಸಬೇಡಿ. ನೀವೂ ಜೊತೆಗೆ ಹೊರಡಿ.