ಹನ್ನೊಂದು ಮರದಾಚೆಯ ಲಗ್ನಪತ್ರಿಕೆ

ನಮ್ಮ ತೋಟದಲ್ಲಿ ದೂರವನ್ನು ಮೀಟರಿನಲ್ಲಿ ಯಾರೂ ಅಳೆಯುವುದಿಲ್ಲ. ತಾತ ಹಗ್ಗ ಹಿಡಿದು ಮೂವತ್ತು ಅಡಿಗೊಂದು ತೆಂಗಿನ ಸಸಿ ನೆಡಿಸಿದ್ದರಿಂದ ಮರ ಎಣಿಸಿದರೆ ಸಾಕು. ಹನ್ನೊಂದು ಮರವೆಂದರೆ ನಡುವೆ ಹತ್ತು ಅಂತರ, ಮುನ್ನೂರು ಅಡಿ. ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡಿಗೆ ಅದು ಬಲು ದೂರದ ಪಯಣ. ದಾರಿಯಲ್ಲಿ ಕೆಳಕ್ಕೆ ಇಳಿಯುತ್ತದೆ, ಗಾಳಿ ಬೀಸಿದತ್ತ ವಾಲುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲು, ನಾನೂ ಬೀರೇಶನೂ ಬಿಳಿಗೆರೆಯ ಈ ತೋಟದಲ್ಲಿ ಎರಡು ಸಾಲಿನ ನಡುವೆ ಗೋಣಿಚೀಲ ಹಾಸಿಕೊಂಡು ಬೋರಲು ಮಲಗಿ, ಆ ತುದಿಯ ಮಣ್ಣುದಿಬ್ಬಕ್ಕೆ ಒರಗಿಸಿದ ಹಲಗೆಗೆ ಗುರಿ ಇಡುತ್ತೇವೆ. ಇಡುತ್ತಿದ್ದೆವು ಎನ್ನುವುದೇ ಸರಿ.

ರೈಫಲ್ ನನ್ನದು, ಕಣ್ಣು ಅವನದು. ತಿಪಟೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದಾಗಲೇ ಇದು ತೀರ್ಮಾನವಾಗಿತ್ತು. ಅವನು ಕಂದಿಕೆರೆಯವನು, ಈಗ ಹುಳಿಯಾರಿನಲ್ಲಿ ಪಂಪುಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಕ್ಯಾಂಪು ಮುಗಿದಾಗಲೆಲ್ಲ ನಾನು ಅವರ ಮನೆಗೆ ಹೋಗಿ ವಾರಗಟ್ಟಲೆ ಉಂಡಿದ್ದೇನೆ. ಅವನ ತಾಯಿ ಚೌಡಮ್ಮ ಮುದ್ದೆ ಹಾಕುತ್ತಿದ್ದರು. ಅವನ ಅಪ್ಪ ಉಗ್ರಪ್ಪನವರು, "ಏನ್ಲಾ ಗಂಗ, ಸಾಲ್ದಾ? ಇನ್ನೊಂದು ಇಕ್ಕಿಸ್ಕೊ" ಎಂದು ಗದರುತ್ತಿದ್ದರು. ನಾನವರನ್ನು ಅಪ್ಪಾಜಿ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಹಿರಿಯರ ಬಾಯಲ್ಲಿ ಅವರು ಬರೀ ಉಗ್ರ, ಕುರಿ ಉಗ್ರ. ಅದನ್ನು ಕೇಳಿದಾಗಲೆಲ್ಲ ನನಗೆ ಕೋಪ ಬರುತ್ತಿತ್ತು. ನಾನು ಅಂಥವನಲ್ಲ ಎಂದು ಬಹಳ ನಂಬಿದ್ದೆ.

ಐದು ತಿಂಗಳ ಹಿಂದೆ ಬೀರೇಶನ ತಂಗಿ ಭಾನುಪ್ರಿಯಾಳ ಮದುವೆಯಾಯಿತು. ನಾನು ಹೋಗಲಿಲ್ಲ. ಯಾಕೆಂದರೆ ಅದಕ್ಕೆ ಹತ್ತು ದಿನ ಮುಂಚೆ ನಾಲ್ಕು ಜನರ ಎದುರು ಬೀರೇಶ ನನ್ನದೇ ರೈಫಲ್ಲಿನಲ್ಲಿ ನೂರಕ್ಕೆ ತೊಂಬತ್ತಾರು ಹೊಡೆದ, ನಾನು ಎಪ್ಪತ್ತೊಂಬತ್ತು. ಬಂದವರಲ್ಲೊಬ್ಬ, "ಗಂಗಾಧರ್, ನೀವು ಗನ್ ಕ್ಲೀನ್ ಮಾಡ್ಕೊಂಡಿರಿ, ಅವರು ಹೊಡೀಲಿ" ಎಂದು ನಕ್ಕ. ಬೀರೇಶನೂ ನಕ್ಕ. ನನಗೆ ಮೈ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗಾಳಿಯ ಮೇಲೆ ಹಾಕಿದೆ. ಮದುವೆಯ ದಿನ ಮುನಿಸಿಕೊಂಡು ಮನೆಯಲ್ಲೇ ಉಳಿದೆ. ಆಮೇಲೆ ಬೀರೇಶ ಬಂದು, "ಯಾಕ್ಲಾ ಬರ್ಲಿಲ್ಲ?" ಎಂದಾಗ ಬಾಯಿಗೆ ಬಂದದ್ದು ಇಷ್ಟು: "ಪತ್ರಿಕೆ ಕೊಡ್ದೆ ಹೆಂಗೆ ಬರ್ಲಿ? ಕರೀದೆ ಬರೋಕೆ ನಮ್ಮಮ್ಮ ಒಪ್ತಾಳಾ?"

ಪತ್ರಿಕೆ ಬಂದಿತ್ತು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಕೊಂಡು, ಎರಡು ಬಸ್ಸು ಬದಲಾಯಿಸಿ, ಉರಿಬಿಸಿಲಲ್ಲಿ ಉಗ್ರಪ್ಪನವರೇ ತಂದಿದ್ದರು. ಅಮ್ಮ ತುರುವೇಕೆರೆಯಲ್ಲಿ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ನಾನು ಬಾಗಿಲಲ್ಲಿ ಕೂತು ರೈಫಲ್ಲಿಗೆ ಎಣ್ಣೆ ಒರೆಸುತ್ತಿದ್ದೆ. ಎದ್ದು ನಿಲ್ಲಲಿಲ್ಲ. ಮಗನ ಮೇಲಿನ ಸಿಟ್ಟು ಅಪ್ಪನ ಮೇಲೆ ತಿರುಗಿತ್ತು. ತಲೆ ಕೂಡ ಎತ್ತದೆ, "ಟಿ.ವಿ. ಮೇಲಿಡು" ಅಂದೆ. ಇಡಿ ಅಲ್ಲ, ಇಡು. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಇಟ್ಟು, "ತಪ್ಪಿಸ್ಬೇಡ ಕಣಪ್ಪ" ಎಂದು ಹೇಳಿ ಹೋದರು. ನೀರು ಬೇಕೇ ಎಂದೂ ನಾನು ಕೇಳಲಿಲ್ಲ.

ಈ ಭಾನುವಾರ ಕತೆ ಮುಗಿಯಿತು. ಮುಂದಿನ ತಿಂಗಳು ತುಮಕೂರಿನಲ್ಲಿ ಜೋಡಿ ಸ್ಪರ್ಧೆಯೊಂದಿತ್ತು. ಒಬ್ಬ ಹೊಡೆಯಬೇಕು, ಇನ್ನೊಬ್ಬ ದುರ್ಬೀನು ಹಿಡಿದು ಗಾಳಿ ಹೇಳಬೇಕು. ಮುನಿಸು ಎಂದೋ ಇಳಿದಿತ್ತು, ಅವನೇ ಹೊಡೆಯಲಿ ಎಂದು ಒಪ್ಪಿದ್ದೆ. ಗುರಿಹಾಳೆಗೆ ನಾವು ದುಡ್ಡು ಸುರಿಯುವುದಿಲ್ಲ. ಮನೆಗೆ ಬರುವ ಲಗ್ನಪತ್ರಿಕೆಗಳು ಗಟ್ಟಿ ರಟ್ಟಿನವು. ಬಾಣಂತನ ಮುಗಿಸಿ ಬಂದ ಅಮ್ಮ, ಅಲ್ಲಿ ಇಲ್ಲಿ ಬಿದ್ದಿದ್ದವನ್ನೆಲ್ಲ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿಟ್ಟಿದ್ದಳು. ಹಿಂಬದಿ ಬಿಳಿ ಇದ್ದರೆ ಲೋಟ ಬೋರಲಿಟ್ಟು ವೃತ್ತ ಎಳೆದು, ಒಳಗೆ ಕಪ್ಪು ತುಂಬಿದರೆ ಆಯಿತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹತ್ತು ಪತ್ರಿಕೆಗೆ ಹಾಗೆ ಮಾಡಿದ್ದೆ. ಮುಂಬದಿ ನೋಡುವ ಅಭ್ಯಾಸ ನನಗಿಲ್ಲ.

ಬೀರೇಶ ಮೂರು ಗುಂಡು ಹೊಡೆದ. ಆಮೇಲೆ ಹೇಳಿದ:

"ಮೊನ್ನೆ ಅಪ್ಪನ್ನ ತುಮಕೂರಿಗೆ ಡಾಕ್ಟರ್ ತಾವ ಕರ್ಕೊಂಡೋಗಿದ್ದೆ."

"ಯಾಕ್ಲಾ?"

"ಮರೆವಿಗೆ. ನಿಮ್ಮನೆಗೆ ಪತ್ರಿಕೆ ಕೊಡೋದು ಮರ್ತಿತ್ತಲ್ಲ, ಅಲ್ಲಿಂದ ಶುರುವಾಯ್ತು. ಆಮ್ಯಾಕೆ ಬೀರು ಬೀಗದ ಕೈ ಕಳೀತು, ಸೊಪ್ಪು ಕುಯ್ಯೋ ಕುಡ್ಲು ಕಳೀತು. ಈಗ ಸಂತೆಗೆ ಒಬ್ಬನ್ನೇ ಬುಡಲ್ಲ. ಡಾಕ್ಟರು ಇವತ್ತು ಯಾವ ವಾರ, ಯಾವ ತಿಂಗಳು ಅಂತೆಲ್ಲಾ ಕೇಳಿದ್ರು. ಅಪ್ಪ ಸರಿಯಾಗೇ ಹೇಳ್ತು. ಆದ್ರೂ ಮಾತ್ರೆ ಕೊಟ್ಟವ್ರೆ. ನುಂಗಿ ಮಂಪರಾಗಿ ಬಿದ್ದಿರ್ತದೆ."

ದುರ್ಬೀನು ಕಣ್ಣಿಂದ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಅದು ನನ್ನ ಅರ್ಧ ಮುಖ ಮುಚ್ಚಿತ್ತು.

"ಈಗ್ಲೂ ಅದೇ ಹಟ ಕಣ್ಲಾ," ಅವನು ಗುಂಡು ತುಂಬುತ್ತಾ ನಕ್ಕ. "'ಕೈಯಾಗೇ ಕೊಡೋಕೆ ಹೋದೆ, ಗಂಗ ಟಿ.ವಿ. ಮೇಲಿಡು ಅಂದ' ಅಂತದೆ. ನೀನು ನಮ್ಮಪ್ಪನಿಗೆ ಇಡು ಅಂತೀಯಾ? ಆ ಮಾತು ಕೇಳಿದ್ಮೇಲೇ ನಂಗೆ ಗ್ಯಾರಂಟಿ ಆಗಿದ್ದು, ತಲೆ ಕೆಟ್ಟದೆ ಅಂತ."

ಆಗಲೇ ಹೇಳಿಬಿಡಬೇಕಿತ್ತು. ನಾನು ಹೇಳಿದ್ದು, "ಗಾಳಿ ಎಡದಿಂದ ಐತೆ, ಅರ್ಧ ಬೆರಳು ಬಿಟ್ಟು ಹೊಡಿ." ಅವನು ಹೊಡೆದ. ನಟ್ಟನಡುವಿಗೆ ಬಿತ್ತು. ನನ್ನಂಥವನ ಮಾತನ್ನೂ ನಂಬುತ್ತಾನಲ್ಲ ಎನ್ನಿಸಿತು. ಇನ್ನೂ ಆರು ಗುಂಡು ಹೊಡೆದ. ಒಂದೂ ಕಪ್ಪು ದಾಟಿ ಹೊರಗೆ ಹೋಗಲಿಲ್ಲ.

ಅಷ್ಟರಲ್ಲಿ ತೆಂಗಿನ ಗರಿಗಳು ಒಮ್ಮೆ ಸದ್ದು ಮಾಡಿದವು. ಹಲಗೆಯ ಮೇಲಿನ ಪತ್ರಿಕೆಯ ಒಂದು ಪಿನ್ನು ಕಿತ್ತುಬಂತು. ಪತ್ರಿಕೆ ಇನ್ನೊಂದು ಪಿನ್ನಿಗೆ ಜೋತುಬಿದ್ದು ಮಗುಚಿಕೊಂಡಿತು. ದುರ್ಬೀನಿನಲ್ಲಿ ಮೊದಲು ಕಂಡದ್ದು ಮೂಲೆಯ ಅರಿಶಿನ. ಆಮೇಲೆ ಕೆಂಪು ಅಕ್ಷರ: ಭಾನುಪ್ರಿಯಾ.

"ಪಿನ್ ಕಿತ್ತೋಯ್ತು," ಎಂದು ಬೀರೇಶ ರೈಫಲ್ ಖಾಲಿ ಮಾಡಿಟ್ಟು ಎದ್ದ.

"ಇರು, ನಾನು ಹೋಗ್ತೀನಿ."

"ಇವತ್ತು ಸೂರ್ಯ ಯಾವ ಕಡೆ ಹುಟ್ಟವ್ನೆ? ಹದಿನೈದು ವರ್ಷದಾಗೆ ಒಂದಿನ ಎದ್ದಿದ್ದೀಯಾ? ಬಿದ್ಕೊ."

ಅವನು ಹೇಳಿದ್ದು ನಿಜ. ಗುರಿಹಾಳೆ ತರಲು ಯಾವಾಗಲೂ ನಡೆದವನು ಅವನೇ. ರೈಫಲ್ ನನ್ನದೆಂಬ ಒಂದೇ ಕಾರಣಕ್ಕೆ ನಾನು ಮಲಗಿಯೇ ಇರುತ್ತಿದ್ದೆ, ಅದು ಸರಿಯೆಂದು ಇಬ್ಬರಿಗೂ ಅನ್ನಿಸಿತ್ತು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವನು ಮೂರು ಮರ ದಾಟಿದ್ದ. ಓಡಬಹುದಿತ್ತು. ಓಡಿ ಏನು ಮಾಡಲಿ, ಕಿತ್ತುಕೊಂಡು ತಿನ್ನಲೇ? ಏಳನೆಯ ಮರ, ಎಂಟನೆಯ ಮರ. ದುರ್ಬೀನಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಅವನು ಪತ್ರಿಕೆ ಬಿಡಿಸಿಕೊಂಡ, ತಿರುಗಿಸಿದ, ಅಲ್ಲಾಡದೆ ನಿಂತ. ತುಂಬ ಹೊತ್ತು ನಿಂತ. ನೋಡಲಾಗದೆ ನಾನು ದುರ್ಬೀನು ಕೆಳಗಿಟ್ಟೆ.

ವಾಪಸು ಬಂದು ಗೋಣಿಚೀಲದ ಮೇಲೆ ಕೂತ. ಉಗ್ರಪ್ಪನವರ ಹೆಸರಿದ್ದ ಕಡೆ ಎರಡು ತೂತು ಬಿದ್ದಿದ್ದವು.

"ಆಮ್ಯಾಕೆ ಸಿಕ್ತಾ?" ಎಂದ. "ಅಮ್ಮ ಎಲ್ಲಾದ್ರೂ ಎತ್ತಿಟ್ಟಿದ್ರಾ?"

ಅವನಾಗಿಯೇ ನನಗೊಂದು ದಾರಿ ಬಿಡುತ್ತಿದ್ದ. ಹೂಂ ಎಂದಿದ್ದರೆ ನಂಬುತ್ತಿದ್ದ, ಅಥವಾ ನಂಬಿದ ಹಾಗೆ ಇರುತ್ತಿದ್ದ. ಒಂದು ಕ್ಷಣ ಬಾಯಿ ತೆರೆದೂ ಇದ್ದೆ. ಆ ಮಂಪರಿನ ಮಾತ್ರೆ ನೆನಪಾಯಿತು.

"ಇಲ್ಲ. ಅಪ್ಪಾಜಿ ನನಗೇ ಕೊಟ್ರು."

"ಇಡು ಅಂದ್ಯಾ?"

"ಅಂದೆ."

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಪತ್ರಿಕೆಯ ಮೇಲಿನ ಮಣ್ಣನ್ನು ಅಂಗಿಗೆ ಒರೆಸಿದ.

"ನೆಂಟ್ರ ಮುಂದೆ ಅಪ್ಪನಿಗೆ ಅರಳುಮರಳು ಅಂದೆ ಕಣ್ಲಾ. ಅಳಿಯನ ಮುಂದೆ. ತಲೆ ತಗ್ಗಿಸ್ಕೊಂಡು ಕೂತಿತ್ತು." ಪತ್ರಿಕೆಯನ್ನು ನನ್ನ ಕೈಗಿಟ್ಟು ಎದ್ದ. "ನಡಿ. ಇದನ್ನ ನಾನು ಹೇಳಲ್ಲ. ನೀನೇ ಬಂದು ಹೇಳು."

ಅವನ ಬೈಕಿನ ಹಿಂದೆ ಕೂತು ಕಂದಿಕೆರೆಗೆ ಹೋದೆ. ಉಗ್ರಪ್ಪನವರು ಕೊಟ್ಟಿಗೆಯ ಮುಂದೆ ಕುರಿಗೆ ಸೊಪ್ಪು ಕಟ್ಟುತ್ತಿದ್ದರು. ಬಡವಾಗಿದ್ದರು. ನನ್ನನ್ನು ಕಂಡು ಕಣ್ಣರಳಿಸಿ, "ಏನ್ಲಾ ಗಂಗ, ಈಗ ದಾರಿ ಗೊತ್ತಾಯ್ತಾ?" ಎಂದರು.

ನಾನು ಪತ್ರಿಕೆ ಮುಂದೆ ಹಿಡಿದೆ. "ಅಪ್ಪಾಜಿ, ಇದನ್ನ ನೀವು ಕೊಟ್ಟಿದ್ರಿ. ಟಿ.ವಿ. ಮೇಲಿಡು ಅಂದವನು ನಾನೇ. ಬೀರೇಶನ ತಾವ ಸುಳ್ಳು ಹೇಳ್ದೆ. ತಪ್ಪಾಯ್ತು."

ಅವರು ಪತ್ರಿಕೆ ಈಸಿಕೊಂಡು ತೂತುಗಳ ಮೇಲೆ ಬೆರಳಾಡಿಸಿದರು. ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಮೆಲ್ಲಗೆ ಕೇಳಿದರು:

"ಆವತ್ತು ಬುಧವಾರ ಅಲ್ವಾ?"

"ಹೂಂ, ಬುಧವಾರ."

"ಕೆಂಪು ಬಟ್ಟೇಲಿ ಎಣ್ಣೆ ಒರೆಸ್ತಿದ್ದೆ."

"ಹೌದು. ಕೆಂಪು ಬಟ್ಟೆ."

"ಚಪ್ಲಿ ಹೊರಗೇ ಬಿಟ್ಟು ಒಳಗ್ಬಂದೆ ನಾನು."

"ಬಿಟ್ಟಿದ್ರಿ ಅಪ್ಪಾಜಿ."

ಅವರು ಒಳಗಡೆ ತಿರುಗಿ ಕೂಗಿದರು: "ಏ ಚೌಡಮ್ಮ, ಬಾ ಇಲ್ಲಿ. ನನ್ನ ತಲೆಗೇನೂ ಆಗಿಲ್ವಂತೆ ಕಣೇ. ಕೊಟ್ಟಿದ್ದೆ ನಾನು. ಕೊಟ್ಟಿದ್ದೆ." ಹೆಂಡತಿ ಹೊರಗೆ ಬಂದಾಗ ಪತ್ರಿಕೆ ತೋರಿಸುತ್ತಾ, "ಹಂಗಾರೆ ಆ ಬೀಗದ ಕೈ ಕಳೆದೋನೂ ನಾನಲ್ಲ. ಕುಡ್ಲೂ ನಾನಲ್ಲ," ಎಂದರು. ಬೀರೇಶ ಗೋಡೆಯ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದ. ನನ್ನ ಮೇಲೆ ಅವರಿಗೆ ಸಿಟ್ಟೇ ಇದ್ದಂತಿರಲಿಲ್ಲ. ಅಷ್ಟು ದೊಡ್ಡ ಸಮಾಧಾನದ ನಡುವೆ ನಾನು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಚೌಡಮ್ಮ ಕಾಫಿ ತಂದುಕೊಟ್ಟರು. ನಿಂತೇ ಕುಡಿದೆ. ಖಾಲಿ ಲೋಟ ಹಿಡಿದು, ಮೊದಲಿನ ಹಾಗೆ ಸೀದಾ ಒಳಗೆ ಹೋಗಿ ಬಚ್ಚಲಲ್ಲಿ ಇಡಲೇ ಬೇಡವೇ ಎಂದು ಗೊತ್ತಾಗದೆ ನಿಂತೆ. ಉಗ್ರಪ್ಪನವರು ಆಗ ನನ್ನ ಕಡೆ ನೋಡಿದರು. ಕೊಂಕಿಲ್ಲದ ದನಿಯಲ್ಲಿ, ಊರಿಗೆ ಹೊಸದಾಗಿ ಬಂದ ಯಾರಿಗೋ ಹೇಳುವ ಹಾಗೆ, ಮರ್ಯಾದೆಯಿಂದ ಹೇಳಿದರು:

"ಅಲ್ಲೇ ಜಗಲಿ ಮೇಲಿಡಿ."

ಇಟ್ಟೆ. ಇಷ್ಟು ವರ್ಷಗಳಲ್ಲಿ ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.