ಹೊಟ್ಟೆ ತುಂಬಿದ ಕೌದಿ

ನಾನು ಒಂದು ಕೌದಿ. ಅಂಗಡಿಯಲ್ಲಿ ಹುಟ್ಟಿದವಳಲ್ಲ. ಗದಗಿನ ಶಾಂತವ್ವ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಹಿತ್ತಿಲ ಬೇವಿನ ನೆರಳಿನಲ್ಲಿ ಕೂತು ಕೈಯಿಂದಲೇ ನನ್ನನ್ನು ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ಹೋಳಿಗೆ ಇಟ್ಟು, "ಕೌದಿ ಹಸದಿರಬಾರದು. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟಿನೂ ತುಂಬತೈತಿ" ಎಂದಳು. ಆ ಹೋಳಿಗೆ ಇರುವೆಗಳ ಪಾಲಾಗಿ ಎಷ್ಟೋ ಕಾಲವಾಯಿತು. ನನ್ನ ಗತ್ತು ಮಾತ್ರ ಇಳಿದಿಲ್ಲ.

ನನ್ನನ್ನು ಹೊದ್ದು ಬೆಳೆದವಳು ಅವಳ ಮಗಳು ಮಹಾನಂದಾ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗ ಅವಳ ಟ್ರಂಕಿನಲ್ಲಿ ಕೂತು ನಾನೂ ಊರೂರಿಗೆ ವರ್ಗವಾದೆ. ಸಂಜೆ ಬಂದವಳೇ ಬಾಡಿಗೆ ಮನೆಯ ಗೋಡೆಗೆ ಬಣ್ಣ ಬಳಿಯುವಳು, ಒಡೆದ ಕೊಡದಲ್ಲಿ ಬಳ್ಳಿ ನೆಡುವಳು, ನನ್ನನ್ನು ಕಿಟಕಿಯ ಬಳಿ ಹಾಸಿ ಫೋಟೋ ತೆಗೆಯುವಳು. ಇದ್ದ ಸಾಮಾನಿನಲ್ಲೇ ಮನೆಯನ್ನು ಚಂದ ಮಾಡಿಕೊಳ್ಳುವುದು ಹೇಗೆಂದು ಬ್ಲಾಗ್ ಬರೆಯತೊಡಗಿದಳು. ಓದುವವರು ಹೆಚ್ಚಿದರು. ಒಂದು ದಿನ ಬ್ಯಾಂಕಿಗೆ ರಾಜೀನಾಮೆ ಕೊಟ್ಟು, ಇನ್ನು ಇದೇ ನನ್ನ ಕೆಲಸ ಎಂದು ಗದಗಿಗೆ ಮರಳಿದಳು.

ಶಾಂತವ್ವನಿಗೆ ಸಿಡಿಲು ಬಡಿದಂತಾಯಿತು. "ಮನ್ಯಾಗಿನ ಹರಕು ಊರಿಗೆಲ್ಲ ತೋರ್ಸಿದ್ರ ಯಾರ್ ಕೂಳ್ ಹಾಕ್ತಾರ?" ಎಂದು ಗೊಣಗುತ್ತಿದ್ದಳು. ಮದುವೆ ಮನೆಗಳಲ್ಲಿ ನೆಂಟರು ಮಗಳ ಸುದ್ದಿ ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದಳು.

ಆಗ ಬಂತು ಒಂದು ದೊಡ್ಡ ಕಂಪನಿಯ ಕರೆ. ಅವರ ಸ್ಯಾಟಿನ್ ಹೊದಿಕೆಯ ಫೋಟೋ ಹಾಕಬೇಕು, ನಾವು ದಿನಾಲೂ ಹೊದೆಯುವುದು ಇದನ್ನೇ ಎಂದು ಬರೆಯಬೇಕು. ಒಪ್ಪಿದರೆ ವರ್ಷವಿಡೀ ಕೆಲಸ. ಹೊದಿಕೆಯನ್ನು ಮೊದಲು ಕಳಿಸಿ, ನೋಡಿ ಹೇಳುತ್ತೇನೆ ಎಂದಳು ಮಹಾನಂದಾ.

ಹೊದಿಕೆ ಬಂತು. ಕಂಪನಿಯವನು ಬರುವ ದಿನ ಮಗಳು ಪೇಟೆಗೆ ಹೋದದ್ದೇ ತಡ, ಶಾಂತವ್ವ ಆ ಸ್ಯಾಟಿನ್ನನ್ನು ನನ್ನ ಮೇಲೆಯೇ ಹೊಲಿದುಬಿಟ್ಟಳು. ಜಾರಬಾರದೆಂಬ ಕಾಳಜಿ, ಹರಕು ಮುಚ್ಚಿತೆಂಬ ಸಮಾಧಾನ. ನನಗೆ ಉಸಿರು ಕಟ್ಟಿತು. ಹೆತ್ತ ಕೈಯೇ ನನ್ನ ಮುಖ ಮುಚ್ಚಿತಲ್ಲ ಎಂದು ಮೈಯೆಲ್ಲ ಉರಿಯಿತು.

ಮಗಳು ಮರಳುವ ಹೊತ್ತಿಗೆ ಕಂಪನಿಯವನೂ ಬಂದು ಕ್ಯಾಮೆರಾ ತೆಗೆದ. ಮಂಚದ ಹತ್ತಿರ ಬಂದ ಮಹಾನಂದಾ ಮೂಲೆಯೆತ್ತಿ ನೋಡಿದಳು. ಕೆಳಗೆ ನಾನಿದ್ದೆ.

"ನಾವು ದಿನಾ ಹೊದಿಯೂದು ಈ ಕೆಳಗಿನ ಕೌದಿರಿ. ಸುಳ್ಳು ಬರಿಯಾಕ ಬ್ಯಾಂಕ್ ಬಿಟ್ಟು ಬಂದಿಲ್ಲ ನಾ."

"ವರ್ಷದ ಕೆಲಸ ಮೇಡಂ. ವಿಚಾರ ಮಾಡ್ರಿ."

"ಮಾಡೀನ್ರಿ" ಎಂದವಳೇ ಕತ್ತರಿ ಕೈಗೆತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಶಾಂತವ್ವ ಒಳಗೆ ಬಂದಳು. ಈಗ ಬೈಗುಳದ ಸುರಿಮಳೆ ಎಂದುಕೊಂಡೆ. ಅವಳು ಮಗಳ ಕೈಯಿಂದ ಕತ್ತರಿ ಕಸಿದು ಬದಿಗಿಟ್ಟಳು.

"ಕತ್ತರಿ ಹಾಕಬ್ಯಾಡ, ನನ್ನ ಸೀರಿ ಹರೀತೈತಿ. ನಾನ ಹೊಲದೀನಿ, ನಾನ ಬಿಚ್ಚತೀನಿ. ನೀ ಈ ತುದಿ ಹಿಡಕೋ."

ಕನ್ನಡಕ ಏರಿಸಿ, ತನ್ನ ಹೊಲಿಗೆಯನ್ನು ತಾನೇ ಎಳೆ ಎಳೆಯಾಗಿ ಬಿಚ್ಚಿದಳು. ಸ್ಯಾಟಿನ್ನನ್ನು ನೀಟಾಗಿ ಮಡಚಿ ಅವನ ಕೈಗಿಟ್ಟಳು. "ಅರಿವಿ ಚಲೋ ಐತ್ರಿ. ನಮ್ಮದಲ್ಲ, ಅಷ್ಟ."

ಆ ವರ್ಷ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯದ ಆಚೆ ಹೆಚ್ಚಿನದೇನೂ ಬೇಯಲಿಲ್ಲ. ಆದರೆ ಬ್ಲಾಗಿನ ಫೋಟೋದಲ್ಲಿ ನಾನಿದ್ದೆ, ನನ್ನ ಮೇಲೆ ಶಾಂತವ್ವನ ಕೈ ಇತ್ತು. ಮುಂದಿನ ಮದುವೆಯಲ್ಲಿ ಯಾರೋ ಕೇಳಿದರಂತೆ, ಮಗಳು ಈಗೇನು ಮಾಡುತ್ತಾಳೆಂದು. ಈ ಸಲ ಅವಳು ಮಾತು ತಿರುಗಿಸಲಿಲ್ಲ. "ಬರೀತಾಳ್ರಿ. ನನ್ನ ಹರಕ್ ಸೀರಿ ಬಗ್ಗೆ" ಎಂದಳಂತೆ.

ಈಗ ನನಗೆ ವಯಸ್ಸಾಗಿದೆ. ಅಂಚು ಸವೆದಿದೆ, ಮಹಾನಂದಾ ಬರೆಯುವ ಕುರ್ಚಿಯ ಬೆನ್ನಿಗೆ ಒರಗಿ ಕೂತಿರುತ್ತೇನೆ. ಹೊಳೆಯುವ ಬಟ್ಟೆ ಹಿಡಿದವರು ಇನ್ನೂ ಬರುತ್ತಾರೆ. ಬರಲಿ. ನನ್ನ ಹೊಟ್ಟೆ ಹುಟ್ಟುವಾಗಲೇ ತುಂಬಿದೆ.